ಹೂಳೆತ್ತುವ ಕೆರೆಯ ಕಪ್ಪೆಚಿಪ್ಪುಗಳನ್ನು ಬೇರೆ ಕೆರೆಗೆ ಬಿಟ್ಟರೆ ಬದುಕುತ್ತವೆಯೇ?

ಬದುಕುತ್ತವೆ, ಆದರೆ ದಡದಲ್ಲಿ ನಿಂತು ಬೀಸಿ ಎಸೆದರೆ ಅಲ್ಲ. ಜೆಸಿಬಿ ಕೆರೆಗೆ ಇಳಿಯುವ ಮೊದಲೇ ಆರಿಸಿಕೊಂಡು, ಮೀನಿರುವ ನೀರಿಗೆ ಸಾಗಿಸಬೇಕು.

ಮೀನೇ ಇಲ್ಲಿ ಮುಖ್ಯ. ದಾವಣಗೆರೆ ಸುತ್ತಲಿನ ಕೆರೆ, ಕಾಲುವೆಗಳ ಕೆಸರಿನಲ್ಲಿರುವ ಸಿಹಿನೀರಿನ ಕಪ್ಪೆಚಿಪ್ಪಿನ ಮರಿ ಸಾಸಿವೆ ಕಾಳಿಗಿಂತಲೂ ಚಿಕ್ಕದು. ಅದು ಮೀನಿನ ಕಿವಿರಿಗೋ ಈಜುರೆಕ್ಕೆಗೋ ಕಚ್ಚಿಕೊಂಡು ಕೆಲವು ದಿನ ಪುಕ್ಕಟೆ ಸವಾರಿ ಮಾಡಿ, ರೂಪ ಬದಲಿಸಿ, ಆಮೇಲೆ ಕೆಸರಿಗೆ ಉದುರುತ್ತದೆ. ಮೀನಿಲ್ಲದ ಹೊಂಡಕ್ಕೆ ಬಿಟ್ಟರೆ ದೊಡ್ಡವು ವರ್ಷಗಟ್ಟಲೆ ಬದುಕಿದರೂ ಸಂತಾನ ಮುಂದುವರಿಯುವುದಿಲ್ಲ.

ಸಾಗಿಸಲು ಒದ್ದೆ ಗೋಣಿಚೀಲ ಸಾಕು. ನೀರು ತುಂಬಿದ ಬಕೆಟ್‌ನಲ್ಲಿ ಒತ್ತೊತ್ತಾಗಿ ಇಟ್ಟರೆ ಆಮ್ಲಜನಕ ತೀರಿ ಸಾಯುತ್ತವೆ. ಹೊಸಬರು ಮಾಡುವ ತಪ್ಪು ಇದೇ. ಮುಟ್ಟಿದರೂ ಬಾಯಿ ಮುಚ್ಚದ ಚಿಪ್ಪು ಸತ್ತದ್ದು, ಅದನ್ನು ಮೂಗೇ ಹೇಳುತ್ತದೆ. ಬಿಡುವಾಗ ಮೊಣಕಾಲುದ್ದ ನೀರಿನಲ್ಲಿ ಕೆಸರಿಗೆ ಅರ್ಧ ಊರಿ: ಮಾಂಸಲ ಪಾದ ಹೊರಚಾಚುವ ತುದಿ ಕೆಳಗೆ, ನೀರು ಹೀರುವ ತುದಿ ಮೇಲೆ. ಗೊತ್ತಾಗದಿದ್ದರೆ ಮಗ್ಗುಲಾಗಿ ಮಲಗಿಸಿ, ತಾವೇ ಅಗೆದುಕೊಂಡು ಇಳಿಯುತ್ತವೆ.

ಸೂಳೆಕೆರೆಯದನ್ನು ವಾಣಿವಿಲಾಸ ಸಾಗರಕ್ಕೆ ಒಯ್ಯುವ ಉತ್ಸಾಹ ಬೇಡ. ಚಿಪ್ಪಿನ ಜೊತೆಗೆ ರೋಗವೂ ಪರಜೀವಿಗಳೂ ಹೊರಡುತ್ತವೆ. ಅದೇ ಹಳ್ಳದ ಜಾಡಿನ ಹತ್ತಿರದ ಕೆರೆಯೇ ಸರಿ, ಮೀನುಗಾರಿಕೆ ಇಲಾಖೆಗೆ ಮೊದಲೇ ತಿಳಿಸಿ.