ಟೀಮ್ ಗೆದ್ದ ಮ್ಯಾಲೂ ಆ ಕೋಚ್ ಮತ್ತ ಯಾಕ ಕುಡಿಯಾಕ ಹೋದ?

"ದ ವೇ ಬ್ಯಾಕ್" ಸಿನಿಮಾ ನೋಡಿ, ಸಾಲಿ ಬಾಸ್ಕೆಟ್‌ಬಾಲ್ ಟೀಮ್ ಪ್ಲೇಆಫ್ (ಲೀಗ್ ಮುಗದ ಮ್ಯಾಲಿನ ಕಡೀ ಸುತ್ತು) ಮಟಾ ಬಂದು ಎಲ್ಲಾ ಚಲೋ ಆಗಾಕತ್ತಿದ್ದಾಗ ಕೋಚ್ ಜಾಕ್ ಮತ್ತ ಯಾಕ ಸೆರೆ ಮುಟ್ಟಿದ, ಇದು ಕಥಿ ಬರದವ್ರ ತಪ್ಪಲ್ಲೇನು ಅಂತ ಕೇಳೀರಿ. ತಪ್ಪಲ್ರಿ. ಇಡೀ ಸಿನಿಮಾದಾಗ ನನಗ ಭಾಳ ಖರೇ ಅನಿಸಿದ್ದ ಅದು.

ನಾ ಗೋಕಾಕ ಕಡೇಂವ. ಬಾಸ್ಕೆಟ್‌ಬಾಲ್ ಟೀಮಿನ್ಯಾಗ ಎಷ್ಟ್ ಮಂದಿ ಅನ್ನೋದ ಈ ಸಿನಿಮಾ ನೋಡಿ ಎಣಿಸೇನಿ, ನಮ್ದೇನಿದ್ರೂ ಕುಸ್ತಿ ತಾಲೀಮು, ಕೆಂಪ ಮಣ್ಣು, ಮುಂಜಾನಿ ಐದಕ್ಕೆದ್ದು ಬೈಠಕ್ ಹೊಡಿಯೋದು. ಆದ್ರ ಬೆನ್ ಅಫ್ಲೆಕ್ ಮಾಡಿದ ಆ ಜಾಕ್‌ನ ನಾ ಮೊದಲ ನೋಡೇನಿ, ನಮಗ ಕುಸ್ತಿ ಕಲಸೋ ವಸ್ತಾದ್ರನ್ನ ನೋಡಿದಾವ್ರಿಗೆಲ್ಲಾ ಅಂವ ಗುರ್ತು ಸಿಗ್ತಾನ. ಫ್ರಿಜ್ ಸೀನ್ ನೆನಪೈತಿಲ್ಲೋ, ಫ್ರೀಜರಿನ್ಯಾಗಿಂದು ಒಂದು ಬಿಯರ್ ತಗೊಂಡು ಕೆಳಗಿಂದ ಇನ್ನೊಂದನ್ನ ಆ ಜಾಗಾದಾಗ ಇಡ್ತಾನ, ಮುಂದಿಂದು ತಣ್ಣಗ ಇರ್ಬೇಕಲ್ಲ. ನಮ್ಮ ವಸ್ತಾದ್ರಿಗೆ ಫ್ರಿಜ್ ಎಲ್ಲಿಂದ ಬರಬೇಕು, ಅವ್ರದು 90 ಎಂ.ಎಲ್. ಸೆರೆ ಪಾಕೀಟು. ಒಂದು ಅಂಗಿ ಕಿಸೆದಾಗ, ಒಂದು ಧೋತ್ರದ ಗಂಟಿನ್ಯಾಗ, ಒಂದು ಹನಮಪ್ಪನ ಗುಡಿ ಹಿಂದ ಕಲ್ಲಿನ ಸಂದ್ಯಾಗ. ಸಂದ್ಯಾಗಿಂದು ಖಾಲಿ ಆತಂದ್ರ ಕಿಸೆದಾಗಿಂದು ಅಲ್ಲಿ ಹೋಗಿ ಕುಂಡ್ರತಿತ್ತು. ನಮಗೆಲ್ಲಾ ಗೊತ್ತಿತ್ತು, ಆದ್ರೂ ಯಾರೂ ತುಟಿ ಪಿಟ್ ಅಂತಿರ್ಲಿಲ್ಲ.

ಅವ್ರಿಗೆ ಒಬ್ಬನ ಮಗ. ಒಂಬತ್ತನೇತ್ತಾ ಇದ್ದಾಗ ಜ್ವರ ಬಂತು, ನಾಕ ದಿನದಾಗ ಹೋದ. ಜಾಕ್‌ನ ಮಗಾ ಕ್ಯಾನ್ಸರಿಗೆ ಹೋಗಿರ್ತಾನ, ಸಿನಿಮಾದವ್ರು ಅದನ್ನ ಭಾಳೊತ್ತು ಮಟಾ ಹೇಳೂದ ಇಲ್ಲ, ಬರೇ ಕುಡಿಯೋದ ತೋರಸ್ತಾರ.

ಈಗ ನಿಮ್ಮ ಪ್ರಶ್ನೆಕ್ಕ ಬರ್ತೇನಿ. ಮರುವರ್ಷ ಜಾತ್ರಿ ಕುಸ್ತ್ಯಾಗ ನಮ್ಮ ತಾಲೀಮಿನ ಹುಡುಗ ಗದಾ ಗೆದ್ದ, ವಸ್ತಾದ್ರನ್ನ ಟ್ರ್ಯಾಕ್ಟರ್ ಟ್ರಾಲಿ ಮ್ಯಾಲ ಕುಂಡ್ರಿಸಿ ಹಲಗಿ ಬಡ್ಕೋತ ಭಂಡಾರ ಹಾರಿಸಿ ಊರೆಲ್ಲಾ ಮೆರಸಿದ್ವಿ, ಅವತ್ತೂ ಒಂದ್ ಹನಿ ಮುಟ್ಟಲಿಲ್ಲ, ಅದಕ್ಕೂ ಮೊದಲ ಎರಡು ತಿಂಗಳಿಂದ ಮುಟ್ಟಿರ್ಲಿಲ್ಲ. ನಾವು ಮುಗೀತಪಾ ಇನ್ನ ಅಂತ ತಿಳದ್ವಿ. ಆಮ್ಯಾಲ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತು. ಮಗನ ಜೋಡಿ ಓದಿದ ನಾಕ ಹುಡುಗ್ರು, ಪಾಪ ಪ್ರೀತಿಲೇನ, ಪೇಡೆ ತಗೊಂಡು ಮನಿಗೆ ಹೋಗಿ ಕಾಲ ಬಿದ್ರು. ವಸ್ತಾದ್ರು ಪೇಡೆ ತಿಂದ್ರು, ತಲಿ ಮ್ಯಾಲ ಕೈ ಇಟ್ಟು ಕಾಲೇಜ್ ಎಲ್ಲಿ ಹಚ್ಚತೀರಿ ಅಂತ ಕೇಳಿದ್ರು. ಮರುದಿನ ತಾಲೀಮಿಗೆ ಬರಲಿಲ್ಲ, ಬಸ್ ಸ್ಟ್ಯಾಂಡ್ ಹಿಂದ ಬಿದ್ದಿದ್ರು.

ಸಿನಿಮಾದಾಗೂ ನೋಡ್ರಿ, ಸೋತಿದ್ದಕ್ಕಲ್ಲ ಅಂವ ಕುಡಿದಿದ್ದು. ಮಗನಂಗ ಕ್ಯಾನ್ಸರ್ ಆಗಿದ್ದ ಗೆಳ್ಯಾರ ಮಗನಿಗೆ ಮತ್ತ ಜಡ್ಡು ತಿರುಗಿ ಬಂತು ಅಂತ ದವಾಖಾನಿಗೆ ಹೋಗ್ತಾನ, ಅಲ್ಲೇ ಮುರದ ಹೋಗ್ತಾನ. ಮ್ಯಾಚ್ ಗೆದ್ದದ್ದಕ್ಕೂ ಅದಕ್ಕೂ ಏನ ಸಂಬಂಧ? ಗೆದ್ರ ಕುಡಿಯೋದು ಬಿಡ್ತಾನ ಅನ್ನೋ ಲೆಕ್ಕ ನಮ್ದು, ನೋಡೋ ಮಂದೀದು. ಸಾಲಿಯವ್ರು ಕೆಲಸದಿಂದ ತಗೀತಾರ, ಅದೂ ಬರೋಬ್ಬರಿ, ಕುಡದು ಬಂದಾಂವ್ನ ಕೈಯಾಗ ಹುಡುಗ್ರನ್ನ ಹೆಂಗ ಬಿಡ್ತಾರ. ಸಿನಿಮಾದಾಗ ನನಗ ಸೇರದಿದ್ದು ಎದುರ ಟೀಮಿನ ಕೋಚ್, ಸುಮ್ಮನ ವಿಲನ್ ಮಾಡಿಟ್ಟಾರ. ಅಫ್ಲೆಕ್ ಮಾತ್ರ ನಟನೆ ಮಾಡ್ಯಾನ ಅನ್ಸೂದಿಲ್ಲ, ತಾನೂ ಇದ ಚಟಕ್ಕ ಟ್ರೀಟ್ಮೆಂಟ್ ತಗೊಂಡಾಂವ, 2018ರಾಗ ಅದನ್ನ ತಾನ ಹೇಳ್ಕೊಂಡಾನ, ಸಿನಿಮಾ ಬಂದದ್ದು 2020ರಾಗ.

ಇನ್ನೊಂದು ಮಾತು, ನೀವು ಕೇಳಿಲ್ಲ ಆದ್ರೂ ಹೇಳ್ತೇನಿ. ಶ್ರಾವಣಾ ಬಂತಂದ್ರ ನಮ್ಮ ಕಡೆ ಎಷ್ಟೋ ಮಂದಿ ಸೆರೆ ಬಿಡ್ತಾರ. ವಸ್ತಾದ್ರೂ ಆ ವರ್ಷ ಒಮ್ಮಿಗೇ ಬಿಟ್ರು, ಮೂರನೇ ದಿನಕ್ಕ ಕೈ ನಡುಗಾಕ ಹತ್ತಿ, ಗ್ವಾಡಿ ಮ್ಯಾಲ ಇರವಿ ಹರದಾಡಾಕತ್ತಾವ ಅಂತ ಒದರಿ, ಫಿಟ್ಸ್ ಬಂತು. ಧಾರವಾಡಕ್ಕ ಒಯ್ದಾಗ ಡಾಕ್ಟರ್ ನಮಗ ಬೈದ್ರು, ವರ್ಷಗಟ್ಟಲೆ ಕುಡಿದಾವ್ರು ಹಿಂಗ ಏಕದಂ ಬಿಟ್ರ ಜೀವಕ್ಕ ಅಪಾಯ, ಅಡ್ಮಿಟ್ ಮಾಡಿ ಗುಳಿಗಿ ಕೊಟ್ಟು ಬಿಡಸ್ಬೇಕು ಅಂತ. ನಿಮ್ಮ ಮನ್ಯಾಗ ಅಂಥಾವ್ರು ಯಾರರ ಇದ್ರ 14446ಕ್ಕ ಫೋನ್ ಹಚ್ರಿ, ನಶೆ ಬಿಡಿಸೋ ಸರ್ಕಾರದ ನಂಬರ್ ಅದು, ರೊಕ್ಕ ಬೀಳಂಗಿಲ್ಲ.

ಕಡೀ ಸೀನಿನ್ಯಾಗ ಟೀಮ್ ಅಲ್ಲಿ ಆಡತಿರ್ತೈತಿ, ಜಾಕ್ ಬ್ಯಾರೆ ಕಡೆ ಬಯಲಾಗ ಒಬ್ಬನ ಬಾಲ್ ಹಾಕ್ಕೋತ ನಿಂತಿರ್ತಾನ. ನಮ್ಮ ವಸ್ತಾದ್ರು ಈಗ ತಾಲೀಮಿಗೆ ಬರ್ತಾರ, ಕಟ್ಟಿ ಮ್ಯಾಲ ಕುಂಡ್ರತಾರ, ಮಣ್ಣಿಗೆ ಇಳಿಯಂಗಿಲ್ಲ, ನಾವೂ ಇಳೀರಿ ಅನ್ನಂಗಿಲ್ಲ. ಹ್ವಾದ ತಿಂಗಳ ಒಂದ್ ಸಣ್ಣ ಹುಡುಗ ತಪ್ಪು ಕಾಲ ಮುಂದ ಮಾಡಿ ನಿಂತಿದ್ದ, ಅಲ್ಲಿಂದನ "ಲೇ, ಎಡಗಾಲ ಹಿಂದ ತಗಿಯೋ" ಅಂತ ಒದರಿದ್ರು. ಹುಡುಗ ಹೆದರಿ ಎರಡೂ ಕಾಲ ತಗದ ಬಿದ್ದ.