ಒಳ್ಳೊಳ್ಳೆ ಫುಟ್‌ಬಾಲ್ ಆಟಗಾರರು ದೊಡ್ಡ ಕ್ಲಬ್ ಸೇರಿದ ಮೇಲೆ ಯಾಕೆ ಮಂಕಾಗುತ್ತಾರೆ?

ಒತ್ತಡ ತಡೆಯೋಕಾಗದೆ ಹೀಗಾಗುತ್ತಾ, ದುಡ್ಡು ಬಂದ ಮೇಲೆ ಆಟದ ಹಸಿವು ಹೋಗುತ್ತಾ ಅಂತ ಕೇಳಿದ್ದೀರಿ. ಎರಡೂ ಅಷ್ಟಿಷ್ಟು ಇರಬಹುದು. ನನ್ನ ಪ್ರಕಾರ ಮುಖ್ಯ ಕಾರಣ ಬೇರೆ. ದೊಡ್ಡ ಕ್ಲಬ್‌ನವರು ಆಟಗಾರನನ್ನಷ್ಟೇ ಕೊಳ್ಳುತ್ತಾರೆ. ಅವನಿಗೆ ಚೆಂಡು ಕೊಡುತ್ತಿದ್ದವರು, ಅವನು ಆಡುತ್ತಿದ್ದ ಜಾಗ ಎರಡೂ ಹಳೇ ಕ್ಲಬ್‌ನಲ್ಲೇ ಉಳಿದುಬಿಡುತ್ತವೆ.

ನಾನು ಸುಂಟಿಕೊಪ್ಪದ ಕಡೆಯವನು. ಕೊಡಗು ಅಂದರೆ ಹಾಕಿ ಅಂತಾರೆ, ಆದರೆ ನಮ್ಮಲ್ಲಿ ಫುಟ್‌ಬಾಲ್ ಹುಚ್ಚೇ ಜಾಸ್ತಿ (ಹಾಕಿಯವರು ಕ್ಷಮಿಸಿ). ಇಲ್ಲೊಬ್ಬ ಫಾರ್ವರ್ಡ್ ಇದ್ದ, ಎಸ್ಟೇಟ್ ಲೈನ್‌ಮನೆ ಹುಡುಗ. ಗೋಲಿನ ಮೇಲೆ ಗೋಲು ಹೊಡೆಯುತ್ತಿದ್ದ. ಬೆಂಗಳೂರಿನ ಒಂದು ಕ್ಲಬ್ ಕರೆಸಿಕೊಂಡಿತು. ಅಲ್ಲಿ ಅವನ ಮ್ಯಾಚ್ ನೋಡಿದೆ. ಡಿಫೆಂಡರ್‌ನ ಬೆನ್ನ ಹಿಂದಿನಿಂದ ಎಡಕ್ಕೆ ನುಗ್ಗಿ ಕೈ ಎತ್ತುತ್ತಾನೆ, ಚೆಂಡು ಬಲಗಡೆಯವನಿಗೆ ಹೋಗುತ್ತೆ. ವಾಪಸ್ ಬರುತ್ತಾನೆ, ಮತ್ತೆ ನುಗ್ಗುತ್ತಾನೆ, ಮತ್ತೆ ಅದೇ ಕಥೆ. ಊರಲ್ಲಿ ಆಡುವಾಗ ಪಕ್ಕದ ಮನೆಯವನೇ ಮಿಡ್‌ಫೀಲ್ಡ್‌ನಲ್ಲಿರುತ್ತಿದ್ದ. ಇವನು ಹೊರಡುವ ಮೊದಲೇ ಚೆಂಡು ಹೊರಟಿರುತ್ತಿತ್ತು. ಹಾಫ್ ಟೈಮ್ ಆದಮೇಲೆ ಇವನು ಕೈ ಎತ್ತುವುದನ್ನೇ ಬಿಟ್ಟ. ಗ್ಯಾಲರಿಯಲ್ಲಿದ್ದವರು 'ಸೋಮಾರಿ' ಅಂದರು.

ಸ್ಪೇನ್‌ನ ಬಾರ್ಸಿಲೋನಾ ಕ್ಲಬ್‌ನಲ್ಲೂ ಆದದ್ದು ಇಂಥದ್ದೇ. ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್‌ನಲ್ಲಿ ಬ್ರೆಜಿಲ್‌ನ ಕುಟಿನ್ಹೊ ಎಡಗಡೆಯಿಂದ ಒಳಗೆ ತಿರುಗಿ ಬಲಗಾಲಿನಲ್ಲಿ ದೂರದ ಪೋಸ್ಟ್‌ಗೆ ಬಾಗಿಸಿ ಹೊಡೆಯುತ್ತಿದ್ದ. 2018ರ ಜನವರಿಯಲ್ಲಿ ಬಾರ್ಸಿಲೋನಾಗೆ ಹೋದ; ಅಲ್ಲಿ ಆಟವೆಲ್ಲ ಮೆಸ್ಸಿ ಕಾಲಿನ ಮೂಲಕವೇ ನಡೆಯಬೇಕು, ಎಡಗಡೆಯ ಗೆರೆಗುಂಟ ಡಿಫೆಂಡರ್ ಆಲ್ಬಾ ಓಡಿ ಬರುತ್ತಿರುತ್ತಾನೆ. ಇವನು ನಿಲ್ಲುವುದೆಲ್ಲಿ? ಮುಂದಿನ ವರ್ಷ 12 ಕೋಟಿ ಯೂರೊ ಕೊಟ್ಟು ಅಟ್ಲೆಟಿಕೊ ಮ್ಯಾಡ್ರಿಡ್‌ನಿಂದ ಫ್ರಾನ್ಸ್‌ನ ಫಾರ್ವರ್ಡ್ ಗ್ರೀಜ್‌ಮನ್‌ನನ್ನೂ ತಂದರು. ಅವನಿಗೆ ಇಷ್ಟದ ಜಾಗವೂ ಮೆಸ್ಸಿಯದ್ದೇ! ಕೊಳ್ಳುವ ಮುಂಚೆ ಇದು ಯಾರಿಗೂ ಹೊಳೆಯಲಿಲ್ಲವೇ ಅಂತ ನನಗೆ ಇವತ್ತಿಗೂ ಆಶ್ಚರ್ಯ. 2021ರಲ್ಲಿ ಅವನು ಅಟ್ಲೆಟಿಕೊಗೆ ವಾಪಸ್ ಹೋದ.

ಇನ್ನೊಂದು ವಿಷಯ. ಯಾರನ್ನೇ ಆಗಲಿ, ಅವನ ಸಾಧಾರಣ ವರ್ಷದಲ್ಲಿ ಇಷ್ಟು ದುಡ್ಡು ಕೊಟ್ಟು ಕೊಳ್ಳುವವರಿಲ್ಲ. ಬೆಲ್ಜಿಯಂನ ಫಾರ್ವರ್ಡ್ ಲುಕಾಕು 2020-21ರಲ್ಲಿ ಇಟಲಿಯ ಇಂಟರ್ ಕ್ಲಬ್‌ಗೆ ಲೀಗ್‌ನಲ್ಲಿ 24 ಗೋಲು ಹೊಡೆದ, ಇಂಗ್ಲೆಂಡಿನ ಚೆಲ್ಸಿ ಕೊಂಡಿತು, ಮರುವರ್ಷ ಲೀಗ್‌ನಲ್ಲಿ ಎಂಟೇ. ಕಾಳುಮೆಣಸಿಗೆ ರೇಟು ಏರಿದ್ದಾಗ ಕೊಂಡಿಟ್ಟು, ಇಳಿದ ಮೇಲೆ ಮೆಣಸನ್ನೇ ಬೈದ ಹಾಗೆ ನಾವು ಅವನನ್ನು ಬೈದೆವು.

ಬೆಲ್ಜಿಯಂನ ಹಜಾರ್ಡ್‌ನನ್ನು ಈ ಲೆಕ್ಕಕ್ಕೆ ತರಬೇಡಿ. ರಿಯಲ್ ಮ್ಯಾಡ್ರಿಡ್ ಸೇರಿದ ಕೆಲವೇ ತಿಂಗಳಲ್ಲಿ ಪಾದದ ಕೀಲಿಗೆ ಪೆಟ್ಟು ಬಿತ್ತು, ಆಮೇಲೆ ಅವನು ಮೊದಲಿನಂತಾಗಲೇ ಇಲ್ಲ.

ಎಲ್ಲರೂ ಹೇಳುವ ಉದಾಹರಣೆ ಸ್ಪೇನ್‌ನ ಫಾರ್ವರ್ಡ್ ಟೊರೆಸ್. ಲಿವರ್‌ಪೂಲ್‌ಗೆ 102 ಲೀಗ್ ಪಂದ್ಯಗಳಲ್ಲಿ 65 ಗೋಲು. ಚೆಲ್ಸಿಗೆ 110ರಲ್ಲಿ 20. ಮಂಡಿ ಆಪರೇಷನ್ ಆಗಿ ವೇಗ ಕಡಿಮೆಯಾಗಿತ್ತು, ನಿಜ. ಆದರೆ ಲಿವರ್‌ಪೂಲ್‌ನಲ್ಲಿ ಡಿಫೆಂಡರ್‌ಗಳ ಹಿಂದಿನ ಖಾಲಿ ಜಾಗಕ್ಕೆ ಮಿಡ್‌ಫೀಲ್ಡರ್ ಜೆರಾರ್ಡ್ ಚೆಂಡು ಹಾಕುತ್ತಿದ್ದ, ಇವನು ಓಡುತ್ತಿದ್ದ. ಚೆಲ್ಸಿ ಎದುರು ಎಷ್ಟೋ ತಂಡಗಳು ತಮ್ಮ ಬಾಕ್ಸ್ ಮುಂದೆಯೇ ಗುಂಪುಕಟ್ಟಿ ನಿಲ್ಲುತ್ತಿದ್ದವು; ಓಡುವುದಕ್ಕೆ ಜಾಗವೇ ಇಲ್ಲ. 2012ರ ಏಪ್ರಿಲ್‌ನಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಕೊನೇ ಗಳಿಗೆಯಲ್ಲಿ ಬಾರ್ಸಿಲೋನಾದವರೆಲ್ಲ ಮುಂದೆ ನುಗ್ಗಿದ್ದಾಗ ಚೆಂಡು ಒಬ್ಬನೇ ಇದ್ದ ಟೊರೆಸ್‌ಗೆ ಸಿಕ್ಕಿತು. ಎದುರಿಗೆ ಅರ್ಧ ಮೈದಾನ ಖಾಲಿ. ಓಡಿ, ಗೋಲ್‌ಕೀಪರ್ ವಾಲ್ಡೆಸ್‌ನನ್ನು ಸುತ್ತಿಕೊಂಡು ಹೋಗಿ, ಗೋಲು ಹೊಡೆದ. ಫೈನಲ್‌ಗೆ ಚೆಲ್ಸಿ ಹೋಯಿತು.