ಕಚ್ಚುವ ಮರಿ, ಅಳುವ ಮಗ: ಚುಕ್ಕಿಯನ್ನು ವಾಪಸ್ ಬಿಟ್ಟುಬಿಡಲಾ?

ಪ್ರಶ್ನೆ: ನಾವು ದಾವಣಗೆರೆಯವರು. ಎಂಟು ವರ್ಷದ ಮಗಳು, ಮೂರು ವರ್ಷದ ಮಗ ಇದ್ದಾರೆ. ನಾಯಿಮರಿ ಬೇಕು ಅಂತ ಮಗಳು ತುಂಬಾ ದಿನದಿಂದ ಹಟ ಮಾಡುತ್ತಿದ್ದಳು. ಹೋದ ತಿಂಗಳು ನನ್ನ ಗಂಡ ಕಟ್ಟಡದ ಕೆಲಸ ನಡೆಯುವ ಕಡೆ ಹುಟ್ಟಿದ್ದ ಬೀದಿ ನಾಯಿಯ ಮರಿ ತಂದರು. ಚುಕ್ಕಿ ಅಂತ ಹೆಸರಿಟ್ಟಿದ್ದೇವೆ, ಈಗ ಅದಕ್ಕೆ ಎರಡೂವರೆ ತಿಂಗಳು. ಸಂಜೆಯಾದರೆ ಸಾಕು, ಮಕ್ಕಳ ಕೈಕಾಲು, ಲಂಗ, ಏನು ಸಿಕ್ಕರೂ ಕಚ್ಚುತ್ತದೆ. ಗಂಡ ಬಂದು ಬರಿಗೈಯಲ್ಲೇ ಆಡಿಸಿ ನಗುತ್ತಾರೆ. ಪಕ್ಕದ ಮನೆಯವರು ಮೂತಿಗೆ ಪೇಪರ್ ಸುತ್ತಿ ಹೊಡೆಯಿರಿ ಅಂದರು. ಹೊಡೆದೆ, ಜಾಸ್ತಿ ಆಯಿತು. ನಾಲ್ಕು ದಿನದ ಹಿಂದೆ ಮಗನ ಬೆರಳಿಗೆ ಹಲ್ಲು ತಾಗಿ ರಕ್ತ ಬಂತು, ಅರಿಶಿನ ಹಚ್ಚಿದೆ. ಅತ್ತೆ, 'ಮಗು ಮುಖ್ಯವೋ ನಾಯಿ ಮುಖ್ಯವೋ, ಎಲ್ಲಿಂದ ತಂದರೋ ಅಲ್ಲೇ ಬಿಟ್ಟು ಬರಲಿ' ಅಂತಾರೆ. ಮಗಳು ಊಟ ಬಿಟ್ಟು ಅಳುತ್ತಾಳೆ. ಇದು ಕಚ್ಚೋ ನಾಯಿನೇ ಆಗಿಬಿಡುತ್ತಾ? ಬಿಟ್ಟು ಬರಲಾ?
– ಹೆಸರು ಬೇಡ

ಉತ್ತರ: ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಮಗನನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ. ಇವತ್ತೇ ಹೋಗಿ.

ಮರಿ ಚಿಕ್ಕದು, ಆಟಕ್ಕೆ ಕಚ್ಚಿದ್ದು, ನಿಜ. ಆದರೆ ರಕ್ತ ಬಂದಿದೆ, ಮರಿಗೆ ರೇಬಿಸ್ ಲಸಿಕೆ ಆಗಿರುವ ಮಾತು ಪತ್ರದಲ್ಲಿಲ್ಲ. ಅದರ ತಾಯಿ ಯಾವ ಸ್ಥಿತಿಯಲ್ಲಿತ್ತು ಅನ್ನೋದೂ ಗೊತ್ತಿಲ್ಲ. ಮರಿಗಳಿಗೂ ರೇಬಿಸ್ ಬರುತ್ತದೆ. ಬಂದ ಮೇಲೆ ಆ ಕಾಯಿಲೆಗೆ ಮದ್ದಿಲ್ಲ, ಬರದಂತೆ ತಡೆಯಲು ಮಾತ್ರ ಲಸಿಕೆ ಇದೆ. ನಾಲ್ಕು ದಿನ ಆಗಿಹೋಯಿತಲ್ಲ ಅಂತ ಸುಮ್ಮನಾಗಬೇಡಿ. ತಡವಾದರೂ ಹಾಕಿಸಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ಮೊದಲ ಇಂಜೆಕ್ಷನ್ ಕೊಟ್ಟ ದಿನವೇ 0 ದಿನ; ಚರ್ಮದೊಳಗೆ ಕೊಡುವುದಾದರೆ 0, 3, 7 ಮತ್ತು 28ನೇ ದಿನ, ಸ್ನಾಯುವಿಗೆ ಕೊಡುವುದಾದರೆ 14ನೇ ದಿನವೂ ಸೇರಿ ಐದು ಸಲ. ರಕ್ತ ಬಂದಿದ್ದನ್ನು ಮರೆಯದೆ ಹೇಳಿ. ಲಸಿಕೆ ಜೊತೆಗೆ ಗಾಯದ ಸುತ್ತ ಕೊಡುವ ಇನ್ನೊಂದು ಇಂಜೆಕ್ಷನ್ ಬೇಕಾಗಬಹುದು, ಅದನ್ನು ವೈದ್ಯರು ತೀರ್ಮಾನಿಸುತ್ತಾರೆ. ಇನ್ನು ಮುಂದೆ ಹಲ್ಲು ತಾಗಿ ಚರ್ಮ ತರಚಿದರೆ ನಲ್ಲಿ ನೀರು ಬಿಟ್ಟು ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾರದಪುಡಿ ಯಾವುದೂ ಬೇಡ.

ಅತ್ತೆಯವರ ಮಾತನ್ನು ಈಗಲೇ ಕೇಳಬಾರದು ಅನ್ನೋದಕ್ಕೆ ಮೊದಲ ಕಾರಣವೂ ಇದೇ. ಕಚ್ಚಿದ ನಾಯಿಯನ್ನು 10 ದಿನ ಕಣ್ಣೆದುರು ಇಟ್ಟುಕೊಂಡು ನೋಡಬೇಕು. ಅದು ಆರೋಗ್ಯವಾಗಿ ಉಳಿದರೆ ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ರೇಬಿಸ್ ಇರಲಿಲ್ಲ ಅಂತ ಗೊತ್ತಾಗುತ್ತದೆ. ಬೀದಿಗೆ ಬಿಟ್ಟರೆ ಅದೂ ತಿಳಿಯುವುದಿಲ್ಲ. ಆದರೆ 10 ದಿನ ನೋಡಿ ಆಮೇಲೆ ಲಸಿಕೆ ಅಂತ ಕಾಯಬೇಡಿ, ಎರಡೂ ಒಟ್ಟಿಗೆ ನಡೆಯಲಿ. ಚುಕ್ಕಿಯನ್ನೂ ಪಶು ಆಸ್ಪತ್ರೆಗೆ ತೋರಿಸಿ. ಮೂರು ತಿಂಗಳಿಗೆ ರೇಬಿಸ್ ಲಸಿಕೆ ಹಾಕುತ್ತಾರೆ. ಜಂತುಹುಳದ ಔಷಧಿಯನ್ನೂ ಕೇಳಿ ಹಾಕಿಸಿ, ಮರಿಯ ಹುಳ ಮಕ್ಕಳಿಗೂ ಅಂಟುತ್ತದೆ.

ಈಗ ನಿಮ್ಮ ಪ್ರಶ್ನೆ. ಇಲ್ಲ, ನೀವು ಬರೆದದ್ದನ್ನು ನೋಡಿದರೆ ಚುಕ್ಕಿ ಕೆಟ್ಟ ನಾಯಿ ಅಲ್ಲ. ಈ ವಯಸ್ಸಿನ ಮರಿ ಬಾಯಿಂದಲೇ ಲೋಕ ನೋಡುತ್ತದೆ. ಅಣ್ಣತಮ್ಮಂದಿರ ಜೊತೆ ಕಚ್ಚಾಡುವಾಗ ಜೋರಾಗಿ ಕಚ್ಚಿದರೆ ಇನ್ನೊಂದು ಕಿರುಚಿ ಆಟ ಬಿಟ್ಟು ಹೋಗುತ್ತದೆ. 'ಇಷ್ಟು ಜೋರು ಸಲ್ಲದು' ಅಂತ ಮರಿ ಕಲಿಯುವುದು ಹಾಗೆ. ಚುಕ್ಕಿ ಒಂದೂವರೆ ತಿಂಗಳಿಗೇ ಬಂದಿದೆ, ಆ ಪಾಠ ಅರ್ಧಕ್ಕೇ ನಿಂತಿದೆ. ಮುಂದೆ ಹಲ್ಲು ಬದಲಾಗುವ ಕಾಲವೂ ಬರುತ್ತದೆ. ನಾಲ್ಕನೇ ತಿಂಗಳ ಹೊತ್ತಿಗೆ ಸೂಜಿಯಂಥ 28 ಹಾಲುಹಲ್ಲುಗಳು ಉದುರಲು ಶುರುವಾಗಿ, ಆರು–ಏಳು ತಿಂಗಳಿಗೆ 42 ಗಟ್ಟಿ ಹಲ್ಲು ಬಂದಿರುತ್ತವೆ. ಅಲ್ಲಿವರೆಗೆ ಒಸಡು ಕಡಿಯುತ್ತಿರುತ್ತದೆ, ಏನಾದರೂ ಅಗಿಯಲೇಬೇಕು. ಹಾಗಾಗಿ ಕಚ್ಚುವುದು ನಾಳೆಯೇ ನಿಲ್ಲುವುದಿಲ್ಲ. ಆದರೆ ನಿಮ್ಮ ಮಕ್ಕಳು ಕಚ್ಚಿಸಿಕೊಳ್ಳುವುದು ನಾಳೆಯಿಂದಲೇ ತುಂಬಾ ಕಡಿಮೆ ಆಗಬಹುದು. ಅದು ಮನೆಯ ದೊಡ್ಡವರ ಕೈಯಲ್ಲಿದೆ, ಮಕ್ಕಳ ಕೈಯಲ್ಲೂ ಅಲ್ಲ, ಮರಿಯ ಬಾಯಲ್ಲೂ ಅಲ್ಲ.

'ಸಂಜೆಯಾದರೆ ಸಾಕು' ಅಂತ ಬರೆದಿದ್ದೀರಿ. ಆ ಮಾತಿನಲ್ಲೇ ಅರ್ಧ ಉತ್ತರ ಇದೆ. ಈ ವಯಸ್ಸಿನ ಮರಿಗೆ ದಿನಕ್ಕೆ 18 ಗಂಟೆಯಾದರೂ ನಿದ್ದೆ ಬೇಕು. ಮಕ್ಕಳಿರುವ ಮನೆಯಲ್ಲಿ ಅಷ್ಟು ಸಿಗುವುದೇ ಕಷ್ಟ. ಮಲಗಿದರೆ ಚಿಕ್ಕವನು ಬಾಲ ಮುಟ್ಟುತ್ತಾನೆ, ಮಗಳು ಸ್ಕೂಲಿಂದ ಬಂದವಳೇ ಎತ್ತಿಕೊಳ್ಳುತ್ತಾಳೆ, ಕುಕ್ಕರ್ ಕೂಗುತ್ತದೆ, ಟಿವಿ ನಡೆಯುತ್ತದೆ. ಸಂಜೆ ಹೊತ್ತಿಗೆ ಮರಿ ಸುಸ್ತಾಗಿ ಹುಚ್ಚಾಟ ಶುರುಮಾಡುತ್ತದೆ. ನಿದ್ದೆಗೆಟ್ಟ ಮಗು ಸುಮ್ಸುಮ್ನೆ ರಚ್ಚೆ ಹಿಡಿಯುತ್ತದಲ್ಲ, ಹಾಗೇ ಇದು. ಆಗ ಅದಕ್ಕೆ ಬೇಕಾದ್ದು ಏಟಲ್ಲ, ಇನ್ನಷ್ಟು ಆಟವೂ ಅಲ್ಲ, ನಿದ್ದೆ. ಅಡುಗೆಮನೆ ಪಕ್ಕವೋ ಪಡಸಾಲೆಯ ಮೂಲೆಯೋ, ಒಂದು ಜಾಗ ಗೊತ್ತುಮಾಡಿ. ಗೋಣಿಚೀಲದ ಮೇಲೆ ಹಳೇ ಬೆಡ್‌ಶೀಟ್ ಹಾಸಿ, ಬಾಗಿಲಿಗೆ ಅಡ್ಡ ಹಲಗೆ ಇಡಿ. ಅಲ್ಲಿ ಮಲಗಿದ್ದಾಗ ಯಾರೂ ಮುಟ್ಟಬಾರದು, ಮನೆಗೆ ಬಂದ ನೆಂಟರ ಮಕ್ಕಳೂ ಮುಟ್ಟಬಾರದು. ಮಧ್ಯಾಹ್ನ ಚಿಕ್ಕವನು ಮಲಗುವ ಹೊತ್ತಿಗೆ ಇದನ್ನೂ ಮಲಗಿಸಿ. ಮಗಳು ಸ್ಕೂಲಿಂದ ಬರುವ ಮುಂಚೆ ಮರಿ ಒಂದು ನಿದ್ದೆ ತೆಗೆದಿರಲಿ.

ಆ ಹಲಗೆ ಇನ್ನೊಂದು ಕೆಲಸಕ್ಕೂ ಬೇಕು. ಮೂರು ವರ್ಷದ ಮಗುವನ್ನು ಮರಿಯ ಜೊತೆ ಒಂಟಿಯಾಗಿ ಒಂದು ನಿಮಿಷವೂ ಬಿಡಬೇಡಿ. ಹಾಲು ಉಕ್ಕುತ್ತಿದೆ ಅಂತ ಒಳಗೆ ಓಡುವಾಗಲೂ ಇಬ್ಬರಲ್ಲಿ ಒಬ್ಬರನ್ನು ಹಲಗೆಯ ಆಚೆ ಇಟ್ಟು ಹೋಗಿ. ಹತ್ತಿರ ಇದ್ದರೆ ಸಾಲದು, ಕಣ್ಣು ಅಲ್ಲೇ ಇರಬೇಕು. ಮಕ್ಕಳು ನೆಲದ ಮೇಲೆ ಕೂತು ಊಟ ಮಾಡುವವರಾದರೆ, ಮುದ್ದೆ ಹಿಡಿದ ಕೈ, ಮಗುವಿನ ಮುಖ, ಮರಿಯ ಮೂತಿ ಎಲ್ಲ ಒಂದೇ ಎತ್ತರಕ್ಕೆ ಬರುತ್ತವೆ. ಊಟದ ಹೊತ್ತಿಗೆ ಮರಿ ಆಚೆ ಕಡೆಯೇ ಇರಲಿ. ಮರಿ ತಿನ್ನುವಾಗ ಮಕ್ಕಳೂ ಅದರ ತಟ್ಟೆಯ ಹತ್ತಿರ ಹೋಗಬಾರದು.

ಇನ್ನು ನಿಮ್ಮ ಯಜಮಾನರ ಆಟ. ಈ ಭಾಗವನ್ನು ಅವರಿಗೇ ಓದಲು ಕೊಡಿ. ಅವರು ಪ್ರೀತಿಯಿಂದಲೇ ಆಡುತ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಅವರ ಕೈ ದಪ್ಪ, ಹಲ್ಲು ತಾಗಿದರೆ ನಗು ಬರುತ್ತದೆ. ಕೈ ಕಚ್ಚಿದರೆ ಅಪ್ಪ ಖುಷಿಪಡುತ್ತಾರೆ ಅಂತ ಮರಿ ದಿನಾ ಸಂಜೆ ಕಲಿಯುತ್ತಿದೆ. ಅದೇ ಆಟವನ್ನು ಮಗನ ಪುಟ್ಟ ಬೆರಳಿನ ಮೇಲೆ ಆಡಿದರೆ ಏಟು ಬೀಳುತ್ತದೆ. ಪಾಪ, ಅದಕ್ಕೆ ಏನು ಅರ್ಥವಾಗಬೇಕು? ಕೈ ಆಟದ ಸಾಮಾನಲ್ಲ ಅನ್ನೋದು ಮನೆಯಲ್ಲಿ ಎಲ್ಲರಿಗೂ ಒಂದೇ ನಿಯಮ ಆಗಲಿ. ಆಡಿಸುವುದಾದರೆ ಹಳೇ ಟವಲ್ ಗಂಟು ಹಾಕಿ, ಮರಿ ಅದನ್ನು ಹಿಡಿಯಲಿ. ಒದ್ದೆ ಮಾಡಿ ಫ್ರಿಜ್‌ನಲ್ಲಿಟ್ಟ ಬಟ್ಟೆ ಗಂಟು ಒಸಡಿಗೆ ಹಿತ. ಅಗಿಯುವಾಗ ಪಕ್ಕದಲ್ಲೇ ಇರಿ, ಚೂರು ನುಂಗಿಬಿಡಬಹುದು. ಬೇಯಿಸಿದ ಮೂಳೆ ಕೊಡಬೇಡಿ, ಸೀಳಿ ಗಂಟಲಿಗೆ ಚುಚ್ಚುತ್ತದೆ.

ಹಲ್ಲು ತಾಗಿದಾಗ ಕೈ ಎಳೆದುಕೊಳ್ಳಬೇಡಿ. ಎಳೆದರೆ ಚರ್ಮ ಹರಿಯುತ್ತದೆ, ಮರಿಗೆ ಅದೂ ಆಟವೇ. ಕೈ ಸಡಿಲ ಬಿಡಿ, ಮರಿ ಬಿಟ್ಟ ಕೂಡಲೇ ಎದ್ದು ಹಲಗೆಯ ಆಚೆ ಹೋಗಿ ಅರ್ಧ ನಿಮಿಷ ಅತ್ತ ನೋಡದೆ ನಿಲ್ಲಿ. ಬೈಗುಳ ಬೇಡ. ಮತ್ತೆ ಬಂದು ಬಟ್ಟೆ ಗಂಟು ಕೊಡಿ. ಅದನ್ನು ಕಚ್ಚಿದರೆ ಹೊಗಳಿ. ದಿನಕ್ಕೆ ಎಷ್ಟೋ ಸಲ ಮಾಡಬೇಕಾಗುತ್ತದೆ, ಬೇಸರ ಬರುತ್ತದೆ, ಆದರೂ ದಾರಿ ಇದೇ. ಪೇಪರ್ ಏಟು ಇವತ್ತಿಗೇ ನಿಲ್ಲಿಸಿ. ಹೊಡೆಸಿಕೊಂಡ ಮರಿ ಕೈ ಕಂಡರೆ ಹೆದರುತ್ತದೆ. ಗುರ್ ಅಂದಿದ್ದಕ್ಕೂ ಏಟು ಬಿದ್ದರೆ ಗುರ್ ಅನ್ನುವುದನ್ನೇ ಬಿಟ್ಟು, ಮುನ್ಸೂಚನೆ ಕೊಡದೆ ಕಚ್ಚಲು ಕಲಿಯುತ್ತದೆ. ಮಕ್ಕಳಿರುವ ಮನೆಯಲ್ಲಿ ಅದಕ್ಕಿಂತ ಅಪಾಯ ಬೇರೆ ಇಲ್ಲ.

ಮಕ್ಕಳಿಗೆ ಕಲಿಸುವುದು ಸ್ವಲ್ಪವೇ. ಓಡಿದರೆ, ಕಿರುಚಿದರೆ, ಕೈ ಬೀಸಿದರೆ ಮರಿ ಅಟ್ಟಿಸಿಕೊಂಡು ಬರುತ್ತದೆ. ಅವರಿಗೆ ಸ್ಟ್ಯಾಚ್ಯೂ ಆಟ ಗೊತ್ತಲ್ವಾ? ಮರಿ ಹಾರಿ ಬಂದರೆ ಸ್ಟ್ಯಾಚ್ಯೂ: ಕೈ ಎದೆಗೆ ಕಟ್ಟಿ, ಪಾದ ನೋಡುತ್ತಾ ಅಲ್ಲಾಡದೆ ನಿಲ್ಲಬೇಕು. ಮರಿ ಇಲ್ಲದಾಗ ಆಟದಂತೆ ಅಭ್ಯಾಸ ಮಾಡಿಸಿ. ಮಗಳು ಬೇಗ ಕಲಿಯುತ್ತಾಳೆ. ಮಗ ಮರೆಯುತ್ತಾನೆ, ಮೂರು ವರ್ಷಕ್ಕೆ ಅಷ್ಟೇ. ಅವನನ್ನು ಬೈಯಬೇಡಿ. ಮರಿ ಎಚ್ಚರ ಇರುವಾಗ ಮಗಳಿಗೆ ಉದ್ದ ಲಂಗ ಬೇಡ, ನಿಮ್ಮ ನೈಟಿಯ ಅಂಚನ್ನೂ ಎತ್ತಿ ಕಟ್ಟಿ. ನೇತಾಡುವ ಬಟ್ಟೆ ಕಂಡರೆ ಯಾವ ಮರಿಯೂ ಬಿಡುವುದಿಲ್ಲ.

ಆಟದಲ್ಲಿ ಕಚ್ಚುವ ಮರಿಯ ಮೈ ಸಡಿಲವಾಗಿರುತ್ತದೆ, ಬಳುಕುತ್ತಿರುತ್ತದೆ. ಮೈ ಸೆಟೆದು, ಒಂದೇ ಕಡೆ ದಿಟ್ಟಿಸಿ, ತಟ್ಟೆಯ ಹತ್ತಿರ ಹೋದರೆ ಗುರ್ ಅಂದರೆ, ಅಥವಾ ಮೈಯ ಒಂದೇ ಜಾಗ ಮುಟ್ಟಿದಾಗ ತಿರುಗಿ ಕಚ್ಚಿದರೆ ಅದು ಬೇರೆ ವಿಷಯ. ಭಯವೋ ನೋವೋ ಇರುತ್ತದೆ. ಪಶುವೈದ್ಯರಿಗೆ ತೋರಿಸಿ.

ಅತ್ತೆಯವರನ್ನು ನಾಯಿದ್ವೇಷಿ ಅಂದುಕೊಳ್ಳಬೇಡಿ. ಮೊಮ್ಮಗನ ರಕ್ತ ನೋಡಿದ ಅಜ್ಜಿ ಹಾಗೆ ಹೇಳಿದ್ದು ಸಹಜ. ಮಗನಿಗೆ ಲಸಿಕೆ ಹಾಕಿಸಿದ ಚೀಟಿ ತೋರಿಸಿ, ಹಲಗೆಯ ವಿಷಯ ಹೇಳಿ, ಆರು ತಿಂಗಳು ತುಂಬುವವರೆಗೆ ಸಮಯ ಕೇಳಿ. ನಿಮ್ಮ ಯಜಮಾನರೂ ಬೆಳಗ್ಗೆ, ರಾತ್ರಿ ಮರಿಯ ಕೆಲಸ ವಹಿಸಿಕೊಳ್ಳಬೇಕು. ತಂದವರು ಅವರು, ದಿನವಿಡೀ ಕಾಯುವವರು ನೀವೊಬ್ಬರೇ ಆದರೆ ಇದು ನಡೆಯುವುದಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ಎಲ್ಲರ ಕಷ್ಟ ಇದೆ, ನಿಮ್ಮ ಸುಸ್ತಿನ ಬಗ್ಗೆ ಒಂದು ಸಾಲೂ ಇಲ್ಲ.

ಇಷ್ಟೆಲ್ಲ ಕಣ್ಣಿಡಲು ಮನೆಯಲ್ಲಿ ಯಾರಿಗೂ ಆಗುವುದಿಲ್ಲ ಅನ್ನಿಸಿದರೆ, ಚಿಕ್ಕ ಮಕ್ಕಳಿಲ್ಲದ ಒಳ್ಳೆಯ ಮನೆ ಹುಡುಕಿ ಕೊಡುವುದರಲ್ಲಿ ಪಾಪ ಇಲ್ಲ. ಆದರೆ ಆ 10 ದಿನ ಕಳೆದು, ಲಸಿಕೆ ಹಾಕಿಸಿ, ಕಚ್ಚಿದ ವಿಷಯವನ್ನು ಮುಚ್ಚಿಡದೆ ಹೇಳಿ ಕೊಡಿ. ತಂದ ಜಾಗಕ್ಕೇ ಬಿಟ್ಟು ಬರುವುದು ಬೇಡವೇ ಬೇಡ. ಸಾಕಿದ ಪ್ರಾಣಿಯನ್ನು ಹಾಗೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಕೊಡುವುದೇ ಆದರೆ ಮಗಳಿಗೆ 'ಓಡಿಹೋಯಿತು' ಅಂತ ಸುಳ್ಳು ಹೇಳಬೇಡಿ. ಕಾರಣ ಹೇಳಿ, ಆ ಮನೆ ನೋಡಲು ಅವಳನ್ನೂ ಕರೆದುಕೊಂಡು ಹೋಗಿ.